ಎಕ್ಕದ ಗಿಡದ ಮುಂದೆ ಕೂರಲು ಕಲಿಯಿರಿ

ಮಕ್ಕಳೇ, ನಮ್ಮ ಕೆಜಿಎಫ್, ಬಂಗಾರಪೇಟೆ ಕಡೆಯ ಹುಡುಗ ಹುಡುಗಿಯರಿಗೆ ಚಿಟ್ಟೆಯ ಮೇಲೆ ಮನಸ್ಸಾಯಿತೆಂದರೆ, ಕೈಗೊಂದು ಕ್ಯಾಮೆರಾ ಬಂತೆಂದರೆ, ಮೊದಲು ಏಳುವ ಪ್ರಶ್ನೆ ಆಗುಂಬೆಗೆ ಯಾವಾಗ ಹೋಗುವುದು, ಕೊಡಗಿಗೆ ಯಾವಾಗ ಹೋಗುವುದು ಎಂಬುದೇ. ಹೋಗಿ ಬನ್ನಿ, ಬೇಡ ಎನ್ನುವುದಿಲ್ಲ. ಆದರೆ ನಿಮಗಿಂತ ಹಿರಿಯನಾಗಿ ಒಂದು ಮಾತು ಹೇಳುತ್ತೇನೆ, ಮನಸ್ಸಿಟ್ಟು ಕೇಳಿ. ಆಗುಂಬೆಯ ಚಿಟ್ಟೆ ನೋಡುವುದಕ್ಕೆ, ಬರೆದಿಡುವುದಕ್ಕೆ ಬೇಕಾದಷ್ಟು ಜನ ಇದ್ದಾರೆ. ಮಾರಿಕುಪ್ಪಂ ಸ್ಟೇಷನ್ನಿನ ಆಚೆಯ ಬಯಲಿನ ಚಿಟ್ಟೆಯನ್ನು ನೀವು ನೋಡದಿದ್ದರೆ ಇನ್ಯಾರೂ ನೋಡುವುದಿಲ್ಲ. ಈ ನೆಲದಲ್ಲಿ ಏನೇನು ಹಾರಾಡುತ್ತದೆ ಎಂಬ ಲೆಕ್ಕ ಇಲ್ಲೇ ಹುಟ್ಟಿ, ಇಲ್ಲೇ ಬದುಕುವವರ ಕೈಯಿಂದ ಬರಬೇಕು. ಬಂದ ಲೆಕ್ಕ ನಿಜವಾಗಿರಬೇಕು. ನಾನು ಹೇಳಬೇಕೆಂದಿರುವುದೆಲ್ಲ ಈ ಎರಡು ಮಾತಿನಲ್ಲಿದೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಾಗಿನಿಂದ 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚುವವರೆಗೂ ಈ ಊರಿನ ಕಣ್ಣೆಲ್ಲ ನೆಲದ ಒಳಗೇ ಇತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಹೋಯಿತು. ಮೇಲಿನ ನೆಲವನ್ನು ಯಾರೂ ಅಷ್ಟಾಗಿ ನೋಡಲಿಲ್ಲ. ನೋಡಿದವರೂ ಬರಡು ಎಂದರು, ಪಾಳು ಎಂದರು, ಚಿನ್ನ ತೆಗೆದ ಮೇಲೆ ಸುರಿದ ಮಣ್ಣಿನ ರಾಶಿಯನ್ನು ತೋರಿಸಿ ಸೈನೈಡ್ ದಿಬ್ಬ ಎಂದರು. ಗಣಿ ನಿಂತ ಮೇಲಂತೂ ಹೊರಗಿನಿಂದ ಬರುವ ಫೋಟೋದವರಿಗೆ ತುಕ್ಕು ಹಿಡಿದ ಶಾಫ್ಟು, ಬಾಗಿಲು ಕಿತ್ತ ಕಟ್ಟಡ, ಬಿಟ್ಟರೆ ಇನ್ನೇನೂ ಕಾಣುವುದಿಲ್ಲ. ನೀವೂ ಅವರ ಕಣ್ಣಿನಿಂದ ನಿಮ್ಮ ಊರನ್ನು ನೋಡಬೇಡಿ ಎಂದು ಬೇಡಿಕೊಳ್ಳುತ್ತೇನೆ.

ವರ್ಷಕ್ಕೆ ಏಳುನೂರು ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ತುಂಬಿ ಹರಿಯುವ ಹೊಳೆಯಿಲ್ಲದ, ಕೆರೆ ನಂಬಿ ಬದುಕಿದ ನಾಡು ನಮ್ಮದು. ಇಂಥ ಕುರುಚಲು ನೆಲಕ್ಕೇ ಒಗ್ಗಿದ ಚಿಟ್ಟೆಗಳಿವೆ. ಬೇಲಿಸಾಲಿನಲ್ಲಿ ಕ್ಯಾಪರಿಸ್ ಜಾತಿಯ ಮುಳ್ಳುಪೊದೆ ಇದ್ದ ಕಡೆ ಸ್ಮಾಲ್ ಆರೆಂಜ್ ಟಿಪ್, ಕ್ರಿಮ್ಸನ್ ಟಿಪ್, ಪಯೋನಿಯರ್‌ಗಳನ್ನು ಹುಡುಕಿ. ಮೊದಲೆರಡರ ಬಿಳಿ ರೆಕ್ಕೆಯ ತುದಿಗೆ ಕಿತ್ತಳೆಯನ್ನೋ ಕೆಂಪನ್ನೋ ಅದ್ದಿದಂತಿರುತ್ತದೆ, ಮೂರೂ ಒಣನಾಡಿನವು. ಸದಾ ಮಳೆ ಸುರಿಯುವ ಘಟ್ಟದ ಕಾಡಿನಲ್ಲಿ ಇವನ್ನು ಹುಡುಕಿ ಫಲವಿಲ್ಲ. ಮೊರಂ ನೆಲ ಬಿಸಿಲಿಗೆ ಕಾಯುತ್ತಿದ್ದರೆ ಯೆಲ್ಲೋ ಪ್ಯಾನ್ಸಿ, ಬ್ಲೂ ಪ್ಯಾನ್ಸಿ ರೆಕ್ಕೆ ಬಿಚ್ಚಿ ನೆಲದ ಮೇಲೆಯೇ ಕೂರುತ್ತವೆ. ತಂಗಡಿ ಹೂವು ಹಳದಿಯಾಗಿ ತುಂಬಿದ ದಿಣ್ಣೆಯಲ್ಲಿ ಮಾಟಲ್ಡ್ ಎಮಿಗ್ರಂಟ್ ಮೊಟ್ಟೆಯಿಡಲು ಎಳೆ ಚಿಗುರು ಹುಡುಕುತ್ತ ತಿರುಗುತ್ತದೆ. ರಾಜ್ಯದ ಚಿಟ್ಟೆ ಎಂದು ಹೆಸರಾದ ಸದರ್ನ್ ಬರ್ಡ್‌ವಿಂಗ್ ಘಟ್ಟದ್ದು, ಅಂಗೈಗಿಂತ ದೊಡ್ಡದು. ಅದು ನಮ್ಮಲ್ಲಿಲ್ಲ ಎಂದು ಕೊರಗಬೇಡಿ. ನಮ್ಮ ಹೊಲದ ಬದುವಿನಲ್ಲಿ ಗ್ರಾಸ್ ಜ್ಯುವೆಲ್ ಇದೆ. ಹೆಬ್ಬೆರಳಿನ ಉಗುರಿನಷ್ಟಿರುವ ಆ ಜೀವ ದೇಶದ ಅತಿ ಚಿಕ್ಕ ಚಿಟ್ಟೆಗಳ ಸಾಲಿನದು. ಅದನ್ನು ನೋಡಬೇಕಾದರೆ ಮೊಣಕಾಲೂರಿ ಕೂರಬೇಕು.

ಭಾರತದಲ್ಲಿ 1,300ಕ್ಕೂ ಹೆಚ್ಚು ಬಗೆಯ ಚಿಟ್ಟೆಗಳಿವೆ. ಆ ಪಟ್ಟಿಯನ್ನು ತಲೆಗೆ ತುಂಬಿಕೊಳ್ಳುವುದಕ್ಕೆ ಹೋಗಬೇಡಿ. ಗಿಡದಿಂದ ಶುರು ಮಾಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಹೆಣ್ಣು ಚಿಟ್ಟೆ ಕಂಡಕಂಡ ಎಲೆಯ ಮೇಲೆ ಮೊಟ್ಟೆಯಿಡುವುದಿಲ್ಲ. ಮರಿಹುಳು ಯಾವ ಎಲೆ ತಿಂದು ಬದುಕುತ್ತದೋ ಆ ಗಿಡವನ್ನು ಕಾಲಿನಿಂದ ಮುಟ್ಟಿ, ರುಚಿ ನೋಡಿ ಗುರುತಿಸಿಯೇ ಇಡುತ್ತದೆ. ಗಿಡ ಗೊತ್ತಾದರೆ ಅಲ್ಲಿಗೆ ಬರುವ ಚಿಟ್ಟೆಯ ಅರ್ಧ ಹೆಸರು ಗೊತ್ತಾದಂತೆ. ನಿಮ್ಮ ಅಜ್ಜಿಯರಿಗೆ ಗಿಡಗಳು ಗೊತ್ತು. ಕ್ಯಾಮೆರಾ ಹಿಡಿದು ಒಬ್ಬರೇ ಹೋಗುವ ಬದಲು ಒಂದು ದಿನ ಅವರನ್ನು ಹೊಲದ ದಾರಿಯಲ್ಲಿ ನಡೆಸಿಕೊಂಡು ಹೋಗಿ, ಒಂದೊಂದು ಗಿಡದ ಹೆಸರನ್ನೂ ಕೇಳಿ ಬರೆದುಕೊಳ್ಳಿ. ಕನ್ನಡದ್ದೋ ತೆಲುಗಿನದ್ದೋ ತಮಿಳಿನದ್ದೋ, ಬಾಯಿಗೆ ಬಂದ ಹೆಸರು ಬರಲಿ. ಶಾಸ್ತ್ರೀಯ ಹೆಸರನ್ನು ಆಮೇಲೆ ಹುಡುಕಿಕೊಳ್ಳಬಹುದು.

ಗಣಿ ಕಾರ್ಮಿಕರ ಲೈನು ಮನೆಗಳ ಹಿತ್ತಿಲಲ್ಲಿ ಒಂದು ಕರಿಬೇವಿನ ಗಿಡ ಇದ್ದೇ ಇರುತ್ತದೆ. ಅದರ ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದಂತೆ ಕಾಣುವ ಹುಳುವನ್ನು ಒಮ್ಮೆ ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ. ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥದ್ದು ಹೊರಬಂದು ಘಾಟು ವಾಸನೆ ಬೀರುತ್ತದೆ. ಅದು ಕಾಮನ್ ಮಾರ್ಮನ್ ಇಲ್ಲವೇ ಲೈಮ್ ಚಿಟ್ಟೆಯ ಮರಿ. ನಿಂಬೆ, ಬಿಲ್ವಗಳ ಮೇಲೂ ಅವು ಸಿಗುತ್ತವೆ. ಹರಳು ಗಿಡ ಹುಟ್ಟಿದ ಕಡೆ ಕಾಮನ್ ಕ್ಯಾಸ್ಟರ್, ಆಂಗಲ್ಡ್ ಕ್ಯಾಸ್ಟರ್. ಸೀತಾಫಲದ ಗಿಡಕ್ಕೆ ಟೈಲ್ಡ್ ಜೇ. ಹೊಂಗೆ ಚಿಗುರಿದಾಗ ಕಾಮನ್ ಬ್ಯಾಂಡೆಡ್ ಆಲ್. ಮಾವಿನ ತೋಪುಗಳ ನಾಡು ನಮ್ಮದು, ಶ್ರೀನಿವಾಸಪುರದ ಮಾವಿಗೆ ದೇಶವೆಲ್ಲ ಕಾಯುತ್ತದೆ. ಆ ಮಾವಿನ ಎಲೆಯಲ್ಲೇ ಕಾಮನ್ ಬ್ಯಾರನ್ ಬೆಳೆಯುತ್ತದೆ. ಅದರ ಹುಳು ಎಲೆಯ ನಡುನರದ ಮೇಲೆ ನೀಟವಾಗಿ ಮಲಗುತ್ತದೆ. ಬೆನ್ನ ಮೇಲಿನ ಹಳದಿ ಗೆರೆ ನರದ ಜೊತೆ ಕೂಡಿಕೊಂಡು, ಮೈಯ ಎರಡೂ ಕಡೆಯ ಕವಲುಮುಳ್ಳು ಎಲೆಯ ಬಣ್ಣದಲ್ಲಿ ಕರಗಿ, ಮೂಗಿನ ಮುಂದೆಯೇ ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ಅದೇ ಮಾವಿನ ಕೊಂಬೆಗೆ ಬದನಿಕೆ ಹತ್ತಿದೆ ಎಂದು ರೈತ ಬೇಸರ ಪಡುತ್ತಾನೆ. ಬೇಸರ ನ್ಯಾಯವೇ, ಮರ ಸೊರಗುತ್ತದೆ. ಆದರೆ ಕಾಮನ್ ಜೆಜೆಬೆಲ್ ಎಂಬ ಚೆಲುವೆಗೆ ಆ ಬದನಿಕೆಯೇ ತವರು.

ಅವರೆಯ ಮಾತು ಬಿಡುವುದು ಹೇಗೆ? ಡಿಸೆಂಬರಿನಲ್ಲಿ ಸೊಗಡು ಇಳಿದ ಅವರೆ ಹೊಲದಲ್ಲಿ ಬೆಳಗ್ಗೆ ನಿಂತು ನೋಡಿ. ಹೂವಿನಿಂದ ಹೂವಿಗೆ ನೀಲಿ ಮಿಂಚು ಹಾರುವಂತೆ ಪೀ ಬ್ಲೂ ತಿರುಗುತ್ತಿರುತ್ತದೆ. ಮೊಗ್ಗಿನ ಮೇಲೆ ಮೊಟ್ಟೆ, ಕಾಯೊಳಗೆ ಹುಳು. ಅವರೆಕಾಯಿ ಬಿಡಿಸುವಾಗ ಅಮ್ಮ ಎತ್ತಿ ಎಸೆಯುವ ಹುಳುಗಳಲ್ಲಿ ಇದೂ ಒಂದು. ಅಲಸಂದೆಗೆ ಗ್ರಾಮ್ ಬ್ಲೂ ಬರುತ್ತದೆ. ಚಿಟ್ಟೆ ಎಂದರೆ ಕಾಡಿನದು, ನಮ್ಮ ಊಟದ ತಟ್ಟೆಗೂ ಅದಕ್ಕೂ ಸಂಬಂಧವಿಲ್ಲ ಎಂದುಕೊಂಡವರಿಗೆ ಈ ಹೊಲ ಸಾಕು.

ನಿಮ್ಮಲ್ಲಿ ರೇಷ್ಮೆ ಸಾಕಿದ ಮನೆಯ ಮಕ್ಕಳು ಬಹಳ ಜನ ಇದ್ದೀರಿ. ಬೆಂಗಳೂರಿನ ಗೆಳೆಯರಿಗೆ ಇಲ್ಲದ ಒಂದು ವಿದ್ಯೆ ನಿಮಗೆ ತೊಟ್ಟಿಲಿನಿಂದಲೇ ಬಂದಿದೆ. ಹುಳು ಜ್ವರಕ್ಕೆ ಕೂತಿತು ಎಂದರೆ ಏನು ಎಂದು ನಿಮಗೆ ಯಾರೂ ವಿವರಿಸಬೇಕಾಗಿಲ್ಲ. ತಲೆಯೆತ್ತಿ ಅಲ್ಲಾಡದೆ ಕೂತು, ಚರ್ಮ ಕಳಚಿ, ಮತ್ತೆ ಸೊಪ್ಪಿಗೆ ಬೀಳುವುದನ್ನು ನೋಡಿದ್ದೀರಿ. ನಾಲ್ಕು ಜ್ವರ ದಾಟಿ ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಹೊತ್ತಿನ ಗಡಿಬಿಡಿಯನ್ನು ಕಂಡಿದ್ದೀರಿ. ಚಿಟ್ಟೆಯ ಮರಿಹುಳುವಿಗೂ ಹೆಚ್ಚುಕಡಿಮೆ ಇದೇ ದಾರಿ. ಹೆಚ್ಚಿನವಕ್ಕೆ ನಾಲ್ಕು ಜ್ವರ, ಐದು ಹಂತ. ಆದರೆ ರೇಷ್ಮೆಯಂತೆ ಸುತ್ತಲೂ ಗೂಡು ನೇಯ್ದುಕೊಳ್ಳುವುದಿಲ್ಲ, ಬರಿಮೈಯಲ್ಲಿ ಕೋಶವಾಗುತ್ತದೆ. ನಿಂಬೆ ಗಿಡದ ಹುಳು ಸೊಂಟಕ್ಕೊಂದು ರೇಷ್ಮೆ ಎಳೆ ಕಟ್ಟಿಕೊಂಡು ಒರಗುತ್ತದೆ, ಎಕ್ಕದ ಗಿಡದ ಹುಳು ತಲೆಕೆಳಗಾಗಿ ಜೋತುಬೀಳುತ್ತದೆ. ಹುಳು ಬೆಳೆದದ್ದು ಗೊತ್ತಾದರೆ ಚಿಟ್ಟೆ ಯಾವಾಗ ಹೊರಬರುತ್ತದೆ ಎಂದು ನೀವು ಲೆಕ್ಕ ಹಾಕಬಲ್ಲಿರಿ. ಊಜಿ ನೊಣದ ಕಾಟವೂ ನಿಮಗೆ ಗೊತ್ತು. ಅದರ ಬಳಗದ ನೊಣಗಳು, ಕಡಜಗಳು ಚಿಟ್ಟೆಯ ಹುಳುವಿನ ಮೈಯೊಳಗೂ ಬೆಳೆಯುತ್ತವೆ. ಕಂಡರೆ ಬೇಸರ ಪಟ್ಟು ನೊಣವನ್ನು ಹೊಸಕಬೇಡಿ. ಹುಳು ಸಾಕುವ ಮನೆಯಲ್ಲಿ ಅದು ಶತ್ರು, ಬಯಲಿನಲ್ಲಿ ಅದಕ್ಕೂ ಒಂದು ಜಾಗವಿದೆ. ಅದರದ್ದೂ ಒಂದು ಫೋಟೋ ತೆಗೆದುಕೊಳ್ಳಿ.

ಈಗ ಕ್ಯಾಮೆರಾ. ಮೊದಲ ವರ್ಷ ದುಡ್ಡು ಖರ್ಚು ಮಾಡಬೇಡಿ. ಕಂತಿನಲ್ಲಿ ಮ್ಯಾಕ್ರೋ ಲೆನ್ಸ್ ಕೊಂಡು, ಕಂತು ಕಟ್ಟುವುದಕ್ಕೆ ಭಾನುವಾರವೂ ದುಡಿದು, ಲೆನ್ಸನ್ನು ಬೀರುವಿನಲ್ಲಿಡುವ ಹುಡುಗರನ್ನು ನೋಡಿದ್ದೇನೆ. ಇರುವ ಮೊಬೈಲು ಸಾಕು. ಎರಡು ಅಡಿ ಹತ್ತಿರ ಹೋಗುವ ತಾಳ್ಮೆ ಕಲಿತ ಮೇಲೆ ಲೆನ್ಸಿನ ಮಾತು.

ಬೆಳಗ್ಗೆ ಎಂಟರಿಂದ ಹತ್ತೂವರೆ ಒಳ್ಳೆಯ ಹೊತ್ತು. ಚಿಟ್ಟೆ ತನ್ನ ಮೈಯನ್ನು ತಾನೇ ಬಿಸಿ ಮಾಡಿಕೊಳ್ಳಲಾರದು. ರಾತ್ರಿಯ ತಂಪಿನಿಂದ ಎದ್ದು ಬಿಸಿಲಿಗೆ ರೆಕ್ಕೆ ಹರಡಿ ಕೂತಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ನಿಮ್ಮ ಕಾಲಿಗಿಂತ ಅದರ ರೆಕ್ಕೆಗೆ ಬಲ ಹೆಚ್ಚು. ಹತ್ತಿರ ಹೋಗುವಾಗ ನಿಮ್ಮ ನೆರಳು ಅದರ ಮೇಲೆ ಬೀಳಬಾರದು. ನಿಂತುಕೊಂಡು ಬಗ್ಗುವುದಕ್ಕಿಂತ ದೂರದಿಂದಲೇ ಕುಕ್ಕರಗಾಲಿನಲ್ಲಿ ಕೂತು ಜರುಗುತ್ತ ಬನ್ನಿ. ಮೊದಲು ದೂರದಿಂದಲೇ ಒಂದು ಚಿತ್ರ ತೆಗೆಯಿರಿ, ಹಾರಿಹೋದರೆ ಅದಾದರೂ ಉಳಿಯುತ್ತದೆ. ರೆಕ್ಕೆಯ ಮಟ್ಟಕ್ಕೂ ಕ್ಯಾಮೆರಾದ ಮಟ್ಟಕ್ಕೂ ಓರೆಯಿಲ್ಲದಂತೆ ಹಿಡಿದರೆ ಅಂಚಿನಿಂದ ಅಂಚಿಗೆ ಗೆರೆ ಚುಕ್ಕೆ ಎಲ್ಲ ತಿಳಿಯಾಗಿ ಬರುತ್ತವೆ. ಕ್ಯಾಮೆರಾ ಇದ್ದವರು ಶಟರ್ ವೇಗವನ್ನು ಸೆಕೆಂಡಿನ ಐನೂರನೇ ಒಂದು ಭಾಗಕ್ಕಿಂತ ನಿಧಾನ ಇಡಬೇಡಿ, ನಮ್ಮ ಬಯಲಿನ ಗಾಳಿಗೆ ಹೂವು ಒಂದು ಕ್ಷಣ ನಿಲ್ಲುವುದಿಲ್ಲ. ಆಷಾಢದ ಗಾಳಿಯಲ್ಲಂತೂ ಚಿತ್ರದ ಆಸೆ ಬಿಟ್ಟು ಬರೀ ನೋಡಿ ಬನ್ನಿ. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ನಮ್ಮ ಕಡೆ ಚಿಟ್ಟೆಯ ಸುಗ್ಗಿ. ಬೇತಮಂಗಲದ ಕೆರೆಯಂಚಿನಂಥ ಒದ್ದೆ ಮಣ್ಣಿನಲ್ಲಿ, ದನ ನಿಂತು ಗಂಜಲ ಬಿಟ್ಟ ಕಡೆ, ಗುಂಪಾಗಿ ಕೂತು ಉಪ್ಪು ಹೀರುತ್ತಿರುತ್ತವೆ. ಹೀರುವವು ಹೆಚ್ಚಾಗಿ ಗಂಡುಗಳು. ಆಗ ಅವಕ್ಕೆ ಮೈಮೇಲೆ ಎಚ್ಚರ ಕಡಿಮೆ, ಹೊಸಬರಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಒಂದು ಕೆಟ್ಟ ರೂಢಿಯ ಬಗ್ಗೆ ಹೇಳಲೇಬೇಕು. ಅಲ್ಲಾಡದ ಚಿಟ್ಟೆ ಬೇಕೆಂದು ಹಿಡಿದು ಡಬ್ಬಿಯಲ್ಲಿಟ್ಟು, ಫ್ರಿಜ್ಜಿನಲ್ಲಿಟ್ಟು, ಮರಗಟ್ಟಿದ ಮೇಲೆ ಹೂವಿನ ಮೇಲೆ ಕೂರಿಸಿ ಚಿತ್ರ ತೆಗೆಯುವವರಿದ್ದಾರೆ. ಅಂಥ ಚಿತ್ರ ಎಷ್ಟೇ ಚೆಂದ ಇರಲಿ, ಅದು ಸುಳ್ಳು. ಆ ಚಿಟ್ಟೆ ಆ ಹೂವಿಗೆ ಬಂದಿರಲಿಲ್ಲ. ಹಿಡಿಯುವುದಕ್ಕೆ ಕಾನೂನೂ ಅಡ್ಡ ಇದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಲವು ಚಿಟ್ಟೆಗಳಿಗೆ ರಕ್ಷಣೆ ಕೊಟ್ಟಿದೆ. ಆದರೆ ನಾನು ಕಾನೂನು ತೋರಿಸಿ ಹೆದರಿಸುತ್ತಿಲ್ಲ. ಕೆಲವೇ ವಾರ ಬದುಕುವ ಜೀವದ ಒಂದು ಬೆಳಗನ್ನು ಕಿತ್ತುಕೊಳ್ಳುವ ಹಕ್ಕು ನಮಗಿಲ್ಲ.

ಇನ್ನು ಹೆಸರು ಹಿಡಿಯುವ ಕೆಲಸ. ಈ ಹವ್ಯಾಸದ ಜೀವಾಳವೇ ಇದು, ನಿಮ್ಮ ಪ್ರಾಮಾಣಿಕತೆಗೆ ಪರೀಕ್ಷೆ ಬರುವುದೂ ಇಲ್ಲೇ.

ದಾರಿ ಬದಿಯ ಎಕ್ಕದ ಗಿಡದ ಮುಂದೆ ಹೋಗಿ ಕೂತುಕೊಳ್ಳಿ. ರಥಸಪ್ತಮಿಯ ದಿನ ಎಲೆ ಕಿತ್ತು ತಲೆ ಮೇಲಿಟ್ಟು ಸ್ನಾನ ಮಾಡಿ, ವರ್ಷವಿಡೀ ಮರೆತುಬಿಡುವ ಗಿಡ ಅದು. ಕಪ್ಪು ಬಿಳಿ ಹಳದಿ ಪಟ್ಟೆಯ, ಮೈಮೇಲೆ ಮೂರು ಜೊತೆ ಕರಿ ಎಳೆಗಳಿರುವ ಹುಳು ಅದರ ಎಲೆ ತಿನ್ನುತ್ತಿದ್ದರೆ ಅದು ಪ್ಲೇನ್ ಟೈಗರ್. ಎಕ್ಕದ ಹಾಲಿನ ವಿಷ ಹುಳುವಿನ ಮೈಗಿಳಿದು ಚಿಟ್ಟೆಯಲ್ಲೂ ಉಳಿಯುತ್ತದೆ. ಒಮ್ಮೆ ಕಚ್ಚಿದ ಹಕ್ಕಿ ಇನ್ನೊಮ್ಮೆ ಹತ್ತಿರ ಬರುವುದಿಲ್ಲ. ಹಾಗಾಗಿ ಈ ಕಿತ್ತಳೆ ಚಿಟ್ಟೆಗೆ ಅವಸರವಿಲ್ಲ, ತೇಲುತ್ತ ಹಾರುತ್ತದೆ. ಈಗ ಅದೇ ಬಯಲಿನಲ್ಲಿ ಇನ್ನೊಂದು ಕಿತ್ತಳೆ ಚಿಟ್ಟೆ ತೇಲಿ ಬರುತ್ತದೆ. ಅದೇ ಬಣ್ಣ, ಅದೇ ಕಪ್ಪು ತುದಿ, ಅದೇ ಬಿಳಿ ಪಟ್ಟೆ. ಪ್ಲೇನ್ ಟೈಗರ್ ಎಂದು ಬರೆದುಬಿಡುತ್ತೀರಿ. ತಾಳಿ. ಹಿಂದಿನ ರೆಕ್ಕೆಯ ಚುಕ್ಕೆ ನೋಡಿ. ಪ್ಲೇನ್ ಟೈಗರಿಗೆ ರೆಕ್ಕೆಯ ನಡುವಿನಲ್ಲಿ ಮೂರೋ ನಾಲ್ಕೋ ಕರಿ ಚುಕ್ಕೆಗಳು. ಮುಂಭಾಗದ ಅಂಚಿನ ಹತ್ತಿರ ಒಂದೇ ಚುಕ್ಕೆ ಇದ್ದರೆ ಅದು ಡನಾಯಿಡ್ ಎಗ್‌ಫ್ಲೈಯ ಹೆಣ್ಣು. ಮೈಯಲ್ಲಿ ವಿಷವಿಲ್ಲದೆಯೂ ವಿಷದ ಚಿಟ್ಟೆಯ ವೇಷ ತೊಟ್ಟು ಬದುಕುವಂಥದ್ದು. ಅದರ ಗಂಡು ಈ ಹೆಣ್ಣಿನ ಹತ್ತಿರದ ನೆಂಟನಂತೆಯೂ ಕಾಣುವುದಿಲ್ಲ, ಕಡುಗಪ್ಪು ರೆಕ್ಕೆಯಲ್ಲಿ ನೇರಳೆ ಮೆರುಗಿನ ಅಂಚಿರುವ ಬಿಳಿ ಬೊಟ್ಟುಗಳು. ಅದರ ಹುಳು ನಾವು ಸಾರಿಗೆ ಹಾಕುವ ಗೋಣಿಸೊಪ್ಪಿನ ಮೇಲೆ ಬೆಳೆಯುತ್ತದೆ. ಗಿಡ ನೋಡಿ ಎಂದು ನಾನು ಗೋಗರೆದದ್ದು ಇದಕ್ಕೇ. ರೆಕ್ಕೆ ಮೋಸ ಮಾಡಿದರೂ ಗಿಡ ಮೋಸ ಮಾಡುವುದಿಲ್ಲ.

ಕರಿಬೇವಿನ ಕಾಮನ್ ಮಾರ್ಮನ್ ಇನ್ನೂ ಸೋಜಿಗ. ಗಂಡಿಗೆ ಒಂದೇ ವೇಷ, ನಮ್ಮ ಕಡೆಯ ಹೆಣ್ಣಿಗೆ ಮೂರು. ಒಂದು ಗಂಡನ್ನೇ ಹೋಲುತ್ತದೆ. ಎರಡನೆಯದು ಕಾಮನ್ ರೋಸ್‌ನಂತೆ, ಮೂರನೆಯದು ಕ್ರಿಮ್ಸನ್ ರೋಸ್‌ನಂತೆ. ಆ ಎರಡು ರೋಸ್‌ಗಳೂ ಈಶ್ವರಿ ಬಳ್ಳಿಯ ಜಾತಿಯನ್ನು ತಿಂದು ವಿಷ ತುಂಬಿಕೊಂಡವು. ಇವನ್ನು ಬಿಡಿಸಿ ಹೇಳುವುದು ಹೇಗೆ? ಮೈ ನೋಡಿ. ರೋಸ್‌ಗಳ ಮೈ ಕೆಂಪು, ಮಾರ್ಮನ್‌ನ ಮೈ ಕಪ್ಪು. ವೇಷ ರೆಕ್ಕೆಗೆ ಮಾತ್ರ ಬಂದಿದೆ, ಮೈಗೆ ಬಂದಿಲ್ಲ. ಈ ಮೂರು ವೇಷದ ಹಿಂದೆ ಡಬಲ್‌ಸೆಕ್ಸ್ ಎಂಬ ಒಂದೇ ವಂಶವಾಹಿ ಇದೆ ಎಂದು ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಕುಂಟೆಯವರು ಬೆಂಗಳೂರಿನ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಸಂಶೋಧಕರು. ಜಗತ್ತೇ ಓದಿದ ಆ ಸಂಗತಿಯ ಚಿಟ್ಟೆ ನಿಮ್ಮ ಹಿತ್ತಿಲಿನದು.

ಋತು ಬದಲಾದರೆ ರೂಪವೂ ಬದಲಾಗುತ್ತದೆ ಎಂಬುದನ್ನೂ ನೆನಪಿಡಿ. ಸಂಜೆ ದೀಪದ ಹತ್ತಿರ ಬರುವ ಈವ್ನಿಂಗ್ ಬ್ರೌನ್‌ಗೆ ಮಳೆಗಾಲದಲ್ಲಿ ರೆಕ್ಕೆಯಡಿ ಸಾಲುಗಣ್ಣುಗಳಿರುತ್ತವೆ. ಬೇಸಿಗೆಯ ಪೀಳಿಗೆಯಲ್ಲಿ ಕಣ್ಣುಗಳು ಮಾಸಿ, ಥೇಟ್ ಒಣಗಿದ ತರಗೆಲೆ. ನೀಲಿ ಚಿಟ್ಟೆಗಳಲ್ಲಂತೂ ಮೇಲಿನ ಬಣ್ಣ ಏನನ್ನೂ ಹೇಳುವುದಿಲ್ಲ. ಪೇಲ್ ಗ್ರಾಸ್ ಬ್ಲೂ, ಡಾರ್ಕ್ ಗ್ರಾಸ್ ಬ್ಲೂ, ಲೆಸ್ಸರ್, ಟೈನಿ, ಎಲ್ಲ ಹಾರುವಾಗ ಒಂದೇ. ರೆಕ್ಕೆ ಮಡಿಚಿ ಕೂತಾಗ ಕೆಳಮೈಯ ಚುಕ್ಕೆಗಳ ಜಾಗವೇ ಗುರುತು. ಹಾಗಾಗಿ ಒಂದು ಚಿಟ್ಟೆ ಸಿಕ್ಕಿದರೆ ಮೇಲ್ಮೈ, ಕೆಳಮೈ, ಕೂತ ಗಿಡ, ಸುತ್ತಲಿನ ಜಾಗ, ಇಷ್ಟನ್ನೂ ತೆಗೆಯುವವರೆಗೆ ಎದ್ದು ಹೋಗಬೇಡಿ.

ಮೊಬೈಲಿನ ಆ್ಯಪ್ ಒಂದು ಹೆಸರು ಥಟ್ಟನೆ ಹೇಳಿಬಿಡುತ್ತದೆ. ಅದನ್ನು ಸಲಹೆ ಎಂದು ತೆಗೆದುಕೊಳ್ಳಿ, ತೀರ್ಪು ಎಂದಲ್ಲ. ಹೇಳಿದ ಹೆಸರನ್ನು ಪುಸ್ತಕದ ಎದುರು ಇಟ್ಟು, ಇದೇ ಯಾಕೆ, ಅದು ಯಾಕಲ್ಲ ಎಂದು ನಿಮ್ಮ ಮಾತಿನಲ್ಲಿ ಹೇಳಲು ಬರಬೇಕು. ಕುಂಟೆಯವರದ್ದೇ ದಕ್ಷಿಣ ಭಾರತದ ಚಿಟ್ಟೆಗಳ ಪುಸ್ತಕ 2000ದಲ್ಲಿ ಬಂದಿದೆ, ಐಸಾಕ್ ಕೇಹಿಮ್ಕರ್ ಅವರದ್ದು 2008ರಲ್ಲಿ. ಇಬ್ಬರು ಮೂವರು ಸೇರಿ ಒಂದನ್ನು ಕೊಂಡರೂ ಸಾಕು. ಕಾರಣ ಹೇಳಲು ಬರದಿದ್ದರೆ ಹೆಸರು ಬರೆಯಬೇಡಿ. ‘ಯಾವುದೋ ಒಂದು ಗ್ರಾಸ್ ಬ್ಲೂ’ ಎಂದು ಬರೆದರೆ ನಿಮ್ಮ ಗೌರವಕ್ಕೆ ಕುಂದಿಲ್ಲ. ಅಂದಾಜಿಗೆ ಬರೆದ ಒಂದು ಹೆಸರು ನಿಜವಾಗಿ ಬರೆದ ನೂರು ಹೆಸರಿನ ಮೇಲೂ ಅನುಮಾನ ತರುತ್ತದೆ. ಅಪರೂಪದ್ದು ಸಿಕ್ಕಿತೆಂದು ಗೆಳೆಯರ ಮುಂದೆ ಹೇಳಿಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಆ ಆಸೆ ಬಂದ ಗಳಿಗೆಯಲ್ಲೇ ಚಿತ್ರವನ್ನು ಇನ್ನೊಂದು ಸಲ ನೋಡಿ.

ಹೀಗೆ ಗಿಡ, ಹುಳು, ಚಿಟ್ಟೆ ಮೂರನ್ನೂ ಒಟ್ಟಿಗೆ ನೋಡಿದವರು ನಮ್ಮ ರಾಜ್ಯದಲ್ಲೇ ಇದ್ದರು. ನೂರಿಪ್ಪತ್ತು ವರ್ಷಕ್ಕೂ ಹಿಂದೆ ಕಾರವಾರದಲ್ಲಿ ಮೂವರು ಬ್ರಿಟಿಷ್ ಅಧಿಕಾರಿಗಳಿದ್ದರು. ಡೇವಿಡ್‌ಸನ್ ಕಲೆಕ್ಟರ್, ಬೆಲ್ ಅರಣ್ಯ ಇಲಾಖೆಯವರು, ಏಟ್ಕನ್ ಉಪ್ಪು-ಸುಂಕದವರು. ಮೂವರಿಗೂ ಕಚೇರಿಯ ಕೆಲಸ ಬೇರೆ, ಇದು ಹವ್ಯಾಸ. ಉತ್ತರ ಕನ್ನಡದ ಚಿಟ್ಟೆಗಳ ಹುಳು ಸಾಕಿ, ಯಾವ ಹುಳುವಿಗೆ ಯಾವ ಎಲೆ ಎಂದು ಕಂಡುಹಿಡಿದು 1896ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆಲ್ ನಿವೃತ್ತಿಯಾದ ಮೇಲೂ ಕಾರವಾರದಲ್ಲೇ ಉಳಿದರು. ಇವತ್ತಿಗೂ ದಕ್ಷಿಣ ಭಾರತದ ಚಿಟ್ಟೆಯ ಆಹಾರದ ಗಿಡ ಎಂದು ಪುಸ್ತಕಗಳು ಹೇಳುವುದರಲ್ಲಿ ಆ ಮೂವರ ದುಡಿಮೆಯ ಪಾಲು ದೊಡ್ಡದು. ಕಾರವಾರಕ್ಕೆ ಸಿಕ್ಕ ಆ ಭಾಗ್ಯ ಬಂಗಾರಪೇಟೆಗೆ ಸಿಗಬಾರದೆಂದು ಎಲ್ಲಿದೆ? ಅವರಿಗೆ ಬಲೆ ಬೇಕಿತ್ತು, ಸೂಜಿ ಬೇಕಿತ್ತು. ನಿಮಗೆ ಅದೂ ಬೇಡ.

ಮಾಡಬೇಕಾದ್ದು ಸರಳ. ಮನೆಗೆ ಹತ್ತಿರದ ಒಂದು ದಾ‌ರಿ ಆರಿಸಿಕೊಳ್ಳಿ, ಅರ್ಧ ಗಂಟೆಯಲ್ಲಿ ನಡೆದು ಮುಗಿಸುವಂಥದ್ದು. ವಾರವಿಡೀ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಬರುವವರು ನಿಮ್ಮಲ್ಲಿ ಎಷ್ಟು ಜನ ಎಂದು ನನಗೆ ಗೊತ್ತು. ನಿಮಗೆ ಸಿಗುವುದು ಒಂದು ಭಾನುವಾರ. ಆ ಭಾನುವಾರ ಅದೇ ದಾರಿ, ಅದೇ ಹೊತ್ತು. ಬ್ರಿಟನ್ನಿನಲ್ಲಿ 1976ರಿಂದ ಸ್ವಯಂಸೇವಕರು ಇದನ್ನೇ ಮಾಡುತ್ತಿದ್ದಾರೆ. ಗೊತ್ತುಪಡಿಸಿದ ದಾರಿಯಲ್ಲಿ ವಾರಕ್ಕೊಮ್ಮೆ ನಿಧಾನವಾಗಿ ನಡೆದು, ದಾರಿಯುದ್ದಕ್ಕೂ ಐದು ಮೀಟರ್ ಅಗಲದ ಪಟ್ಟಿಯೊಳಗೆ ಕಂಡ ಚಿಟ್ಟೆಗಳನ್ನಷ್ಟೇ ಎಣಿಸುತ್ತಾರೆ. ಯಾವುದು ಕಡಿಮೆಯಾಯಿತು, ಯಾವುದು ಉತ್ತರಕ್ಕೆ ಜರುಗಿತು ಎಂದು ಆ ದೇಶಕ್ಕೆ ಗೊತ್ತಾದದ್ದು ಈ ನಡಿಗೆಯಿಂದ. ನೀವೂ ಬರೆದಿಡಿ: ತಾರೀಖು, ಹೊತ್ತು, ಜಾಗ, ಬಿಸಿಲೋ ಮೋಡವೋ, ಕಂಡದ್ದು ಎಷ್ಟು. ಏನೂ ಕಾಣದ ದಿನವೂ ‘ಏನೂ ಇಲ್ಲ’ ಎಂದು ಬರೆಯಿರಿ. ಏಪ್ರಿಲಿನ ಆ ಖಾಲಿ ಪುಟಕ್ಕೂ ಅಕ್ಟೋಬರಿನ ತುಂಬಿದ ಪುಟದಷ್ಟೇ ಬೆಲೆ ಇದೆ.

ಎಣಿಸುವಾಗ ದಿಕ್ಕನ್ನೂ ಬರೆಯಿರಿ. ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ, ಇವು ಮುಂಗಾರಿಗೆ ಮುಂಚೆ ಪಶ್ಚಿಮ ಘಟ್ಟದಿಂದ ಪೂರ್ವದ ಬಯಲಿಗೆ ಬಂದು, ಮಳೆ ತಗ್ಗಿದ ಮೇಲೆ ಮತ್ತೆ ಘಟ್ಟದ ಕಡೆ ಹೊರಡುತ್ತವೆ. ಎರಡು ಘಟ್ಟಗಳ ನಡುವೆ ಬದುಕುವವರು ನಾವು. ಗುಂಪು ಗುಂಪಾಗಿ ಒಂದೇ ಕಡೆಗೆ ಹಾರುವುದು ಕಂಡರೆ ಫೋಟೋ ಬಿಟ್ಟು ಗಡಿಯಾರ ನೋಡಿ. ನಿಮಿಷಕ್ಕೆ ಎಷ್ಟು, ಯಾವ ದಿಕ್ಕಿಗೆ? ಗಿಲಕಿಯಂತೆ ಕಾಯಿ ಸದ್ದು ಮಾಡುವ ಕ್ರೋಟಲೇರಿಯಾ ಗಿಡಗಳಿದ್ದ ಕಡೆ ಅವು ಇಳಿದು, ಎಲೆಯನ್ನು ಕೆರೆದು ರಸ ಹೀರುವುದೂ ಕಾಣಬಹುದು. ಗಂಡುಗಳಿಗೆ ಹೆಣ್ಣನ್ನು ಒಲಿಸುವ ಕಂಪಿಗೆ ಬೇಕಾದ ಮದ್ದು ಆ ಗಿಡದಲ್ಲಿದೆ. ಬರೆದದ್ದನ್ನು, ತೆಗೆದದ್ದನ್ನು ‘ಬಟರ್‌ಫ್ಲೈಸ್ ಆಫ್ ಇಂಡಿಯಾ’ದಂಥ, ತಿಳಿದವರು ಪರಿಶೀಲಿಸುವ ಜಾಲತಾಣಕ್ಕೆ ಕಳಿಸಿ. 2020ರಿಂದ ಸೆಪ್ಟೆಂಬರನ್ನು ದೇಶದಲ್ಲಿ ಚಿಟ್ಟೆಗಳ ತಿಂಗಳೆಂದು ಆಚರಿಸುತ್ತಾರೆ. ಆಗ ಶಾಲೆಯ ಮಕ್ಕಳನ್ನೂ ನಿಮ್ಮ ದಾರಿಯಲ್ಲಿ ನಡೆಸಿ.

ಜೋಪಾನದ ಮಾತು ಹೇಳದೆ ಕಳಿಸಲಾರೆ. ಮುಚ್ಚಿದ ಶಾಫ್ಟುಗಳ ಸುತ್ತ ಕಾಲಿಡಬೇಡಿ. ಒಳಗೆಲ್ಲ ಪೊಳ್ಳಾದ ನೆಲ ಅದು, ಮೇಲೆ ಹುಲ್ಲು ಬೆಳೆದಿದೆ ಎಂದು ನಂಬಬೇಡಿ. ಸೈನೈಡ್ ದಿಬ್ಬ ಹತ್ತಬೇಡಿ, ಗಾಳಿ ಎದ್ದಾಗ ಅದರ ಪಕ್ಕದಲ್ಲೂ ನಿಲ್ಲಬೇಡಿ, ಆ ಧೂಳು ಮೂಗಿಗೆ ಹೋಗುವಂಥದ್ದಲ್ಲ. ಗಣಿ ಕಂಪನಿ ಬಿಜಿಎಂಎಲ್‌ನ ಜಾಗವಾದರೆ ಕೇಳಿಕೊಂಡು ಹೋಗಿ. ಕಾಮಸಮುದ್ರ, ಬೂದಿಕೋಟೆ ಕಡೆಯ ಗಡಿ ಕಾಡಿನಲ್ಲಿ ಆನೆಗಳಿವೆ. ಊರಿನವರನ್ನು ಕೇಳದೆ, ಅರಣ್ಯ ಇಲಾಖೆಯವರಿಗೆ ತಿಳಿಸದೆ ಒಬ್ಬರೇ ಹೋಗಬೇಡಿ. ಒಂದು ಚಿತ್ರಕ್ಕಾಗಿ ನಿಮ್ಮ ಅಮ್ಮ ಬಾಗಿಲಲ್ಲಿ ನಿಂತು ಕಾಯುವಂತಾಗಬಾರದು. ಹೊಲಕ್ಕೆ ಇಳಿಯುವ ಮುಂಚೆ ಹೊಲದವರನ್ನು ಮಾತಾಡಿಸಿ. ಅವರು ಕೊಡುವ ಸುದ್ದಿ ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಇಷ್ಟೆಲ್ಲ ಈಗಲೇ ಯಾಕೆ ಹೇಳುತ್ತಿದ್ದೇನೆ ಎಂದರೆ ನೆಲ ಬದಲಾಗುತ್ತಿದೆ. ನೀಲಗಿರಿ ತೋಪು ನಮ್ಮ ಜಿಲ್ಲೆಯಲ್ಲಿ ಎಷ್ಟು ಹಬ್ಬಿದೆ ಎಂದು ನೀವು ಬಲ್ಲಿರಿ, ಅದರ ಕೆಳಗೆ ತಂಗಡಿಯೂ ಬೇಲಿಪೊದೆಯೂ ಏಳುವುದು ಅಪರೂಪ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಲ್ಲಿಸಿತು. ತೋಪು ಕಿತ್ತ ಜಾಗಕ್ಕೆ ಯಾವ ಗಿಡ ಮೊದಲು ಬಂತು, ಯಾವ ಚಿಟ್ಟೆ ಹಿಂದೆಯೇ ಬಂತು ಎಂದು ನೋಡುವವರು ಬೇಕಾಗಿದ್ದಾರೆ. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ, ಒಣಗಿದ ಅಂಗಳಗಳಲ್ಲಿ ನೀರು ನಿಂತಿದೆ. ಚೆನ್ನೈಗೆ ಹೋಗುವ ಎಕ್ಸ್‌ಪ್ರೆಸ್‌ ಹೆದ್ದಾರಿ ನಮ್ಮ ಹೊಲಗಳ ನಡುವೆ ಹಾದುಹೋಗಿದೆ. ಕೆಜಿಎಫ್‌ನ 13 ದಿಬ್ಬಗಳ ಮಣ್ಣಿನಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾಪಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಊರಿಗೆ ಕೆಲಸ ಬರುವುದಾದರೆ ಬರಲಿ, ಗಣಿ ನಿಂತ ಮೇಲೆ ಈ ಊರು ಪಟ್ಟ ಪಾಡು ನಾನು ಕಂಡಿದ್ದೇನೆ. ಆದರೆ ದಿಬ್ಬಗಳ ತಪ್ಪಲಿನಲ್ಲಿ, ಎರಡು ದಿಬ್ಬಗಳ ನಡುವಿನ ಬಯಲಿನಲ್ಲಿ ಈ ಹೊತ್ತು ಏನಿದೆ ಎಂಬುದನ್ನು ಯಂತ್ರ ಬರುವ ಮುಂಚೆ ಬರೆದಿಡಬೇಕು. ಆಮೇಲೆ ಬರೆಯಲು ಬರುವುದಿಲ್ಲ.

ದಿಬ್ಬ ಹತ್ತದೆ, ರಸ್ತೆಯ ಬದಿಯಿಂದಲೇ ನೋಡಲು ಸಿಗುವ ದಾರಿಗಳು ಊರಗಾಂ ಕಡೆ, ಕೋರಮಂಡಲ್ ಕಡೆ, ಆಂಡರ್ಸನ್‌ಪೇಟೆಯ ಆಚೆ ಬೇಕಾದಷ್ಟಿವೆ. ನೀವು ನಾಲ್ಕೈದು ಜನ ಇದ್ದರೆ ತಲಾ ಒಂದೊಂದು ಹಂಚಿಕೊಳ್ಳಿ, ಒಬ್ಬರ ದಾರಿಗೆ ಇನ್ನೊಬ್ಬರು ಹೋಗಿ ಎಣಿಕೆ ಕೆಡಿಸಬೇಡಿ. ಟಿಪ್ಪಣಿ ಪುಸ್ತಕದ ಪುಟಗಳನ್ನು ತಿಂಗಳಿಗೊಮ್ಮೆ ಫೋಟೋ ತೆಗೆದು ಎಲ್ಲರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಯಾರಿಗಾದರೂ ಮದುವೆಯಾಗಿ ಬೇರೆ ಊರಿಗೆ ಹೋಗಬೇಕಾಗಿ ಬಂದರೆ, ಕೆಲಸ ಸಿಕ್ಕಿ ಊರು ಬಿಡಬೇಕಾದರೆ, ದಾರಿಯನ್ನು ಇನ್ನೊಬ್ಬರಿಗೆ ನಡೆದು ತೋರಿಸಿ, ಎಲ್ಲಿ ಶುರು, ಎಲ್ಲಿ ಮುಗಿತಾಯ, ಯಾವ ತಿರುವಿನಲ್ಲಿ ಯಾವ ಗಿಡ ಎಂದು ಹೇಳಿಕೊಟ್ಟು ಹೋಗಿ.